ಸಂಬಳದ ದಿನದ ಮೊದಲ ಲೆಕ್ಕ

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ನಮ್ಮ ಧರ್ಮಕೇಂದ್ರದ ದಂಪತಿಗಳಿಬ್ಬರು ಗುರುನಿವಾಸಕ್ಕೆ ಬಂದರು. ಮಕ್ಕಳ ಶಾಲಾ ಶುಲ್ಕ 24,000 ರೂಪಾಯಿ ಕಟ್ಟಲು ಮದುವೆಯ ಸರವನ್ನು ಅಡವಿಡಬೇಕಾಗಿತ್ತು. ವಿಚಾರಿಸಲಾಗಿ, ಅದೇ ಸರ ಅಡವಿಗೆ ಹೋಗುತ್ತಿರುವುದು ಸತತ ಮೂರನೆಯ ವರ್ಷವೆಂದು ತಿಳಿಯಿತು. ಪತಿಯದು ವಾಹನ ಚಾಲಕನ ಕೆಲಸ, ಪತ್ನಿಯದು ಹೊಲಿಗೆ. ಇಬ್ಬರದೂ ಸೇರಿ ತಿಂಗಳಿಗೆ 32,000 ರೂಪಾಯಿ. ದುಶ್ಚಟವಿಲ್ಲ, ಆಡಂಬರವಿಲ್ಲ. ಆದರೂ ತಿಂಗಳ ಇಪ್ಪತ್ತರ ಹೊತ್ತಿಗೆ ಕೈ ಬರಿದು. ಅನಿರೀಕ್ಷಿತ ಖರ್ಚುಗಳು ಬಂದವೆಂಬುದು ಅವರ ಸಮಾಧಾನ. ಆದರೆ ಜೂನ್ ತಿಂಗಳು ಯಾವ ವರ್ಷ ತಾನೇ ಬರದೆ ಉಳಿದಿದೆ?

ಗ್ರೀಕ್ ಭಾಷೆಯಲ್ಲಿ ಅರ್ಥಶಾಸ್ತ್ರಕ್ಕೆ ಮೂಲವಾದ ಪದದ ಅರ್ಥವೇ ಗೃಹನಿರ್ವಹಣೆ. ಅರಿಸ್ಟಾಟಲನು ಈ ಗೃಹನಿರ್ವಹಣೆಯನ್ನು ಹಣ ಪೇರಿಸುವ ವಿದ್ಯೆಯಿಂದ ಬೇರ್ಪಡಿಸಿದ್ದಾನೆ. ಮೊದಲನೆಯದಕ್ಕೆ ಮನೆಯ ಅಗತ್ಯವೇ ಮಿತಿ. ಎರಡನೆಯದಕ್ಕೆ ಮಿತಿಯೇ ಇಲ್ಲ. ಉಳಿತಾಯವೆಂದೊಡನೆ ಜಿಪುಣತನವೆಂದು ಮೂಗು ಮುರಿಯುವವರು ಈ ಭೇದವನ್ನು ಗಮನಿಸಬೇಕು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂಬ ಸಾಮತಿಯನ್ನು ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ನಾವೆಲ್ಲರೂ ಕೇಳಿದ್ದೇವೆ. ಅದು ಶಿಷ್ಯತ್ವದ ಬೆಲೆಯನ್ನು ಕುರಿತದ್ದು ನಿಜ. ಆದರೂ ಕುಳಿತು ಲೆಕ್ಕ ಹಾಕುವ ಅಭ್ಯಾಸ ಮನೆಗಳಲ್ಲಿ ಇಲ್ಲದಿದ್ದರೆ ಆ ಹೋಲಿಕೆ ಯಾರಿಗೆ ತಾನೇ ಅರ್ಥವಾದೀತು?

ನಾವು ಅವರಿಗೆ ಒಂದು ನೋಟುಪುಸ್ತಕ ಕೊಟ್ಟು ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು ಮಾತ್ರ ಬರೆಯಿಸಿದೆವು. ಶಾಲಾ ಶುಲ್ಕ 24,000, ವಿಮೆಯ ಕಂತು 6,000, ಕ್ರಿಸ್ಮಸ್ ಹಾಗೂ ಊರ ಹಬ್ಬಕ್ಕೆ 12,000, ಮಳೆಗಾಲಕ್ಕೆ ಮುನ್ನ ಹೆಂಚು ರಿಪೇರಿಗೆ 6,000. ಒಟ್ಟು 48,000, ಅಂದರೆ ತಿಂಗಳಿಗೆ 4,000. ಈ ಮೊತ್ತ ಅವರ ಮಾಸಿಕ ಲೆಕ್ಕದಲ್ಲಿ ಎಂದೂ ಇರಲಿಲ್ಲ. ನಮ್ಮ ಅನುಭವದಲ್ಲಿ ಮನೆಗಳು ಎಡವುವುದು ಅಕ್ಕಿಬೇಳೆಯಲ್ಲಲ್ಲ, ಇಲ್ಲಿಯೇ. ಬಳಿಕ ಸಂಬಳದ ಹತ್ತನೆಯ ಒಂದು ಪಾಲು, ಅಂದರೆ 3,200 ರೂಪಾಯಿ, ಉಳಿತಾಯವೆಂದು ಮೊದಲ ದಿನವೇ ಬೇರ್ಪಡಲಿ ಎಂದೆವು. ಉಳಿದ 24,800ರಲ್ಲಿ ಬಾಡಿಗೆ, ದಿನಸಿ, ಔಷಧಿ, ದಾನ ಎಲ್ಲವೂ. ಪತ್ನಿ ಕೂಡಲೇ ತಲೆಯಾಡಿಸಿದರು. ಪತಿ ಬಹಳ ಹೊತ್ತು ಸುಮ್ಮನಿದ್ದು, ಹೆಂಡತಿಗೆ ತಿಳಿಯದ ಕೈಸಾಲವೊಂದು ಇದೆಯೆಂದು ಅಲ್ಲೇ ಹೇಳಿಕೊಂಡರು. ಆ ಸಂಜೆಯ ಕಠಿಣ ಲೆಕ್ಕ ಅದೇ ಆಗಿತ್ತು. ಅದಕ್ಕೂ ಪುಟದಲ್ಲಿ ಒಂದು ಸಾಲು ದೊರೆಯಿತು; ಕೆಲಕಾಲ ಮೊಬೈಲಿನ ಕಂತು, ಭಾನುವಾರದ ಹೋಟೆಲು ನಿಂತವು.

ಮೊದಲ ಉಳಿತಾಯ ಸಾಲಕ್ಕೇ ಹೋಗಲಿ ಎಂಬುದು ನಮ್ಮ ಸಲಹೆ. ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ 24,000ಕ್ಕೆ 2,880 ರೂಪಾಯಿ ಬಡ್ಡಿ ತೆರುತ್ತಾ, ಅದಕ್ಕಿಂತ ಕಡಿಮೆ ಬಡ್ಡಿಯ ಠೇವಣಿ ಇಡುವುದು ವಿವೇಕವಲ್ಲ. ಸಾಲ ತೀರಿದ ಮೇಲೆ ಅಂಚೆ ಕಛೇರಿಯ ಐದು ವರ್ಷಗಳ ಆವರ್ತ ಠೇವಣಿಯಿದೆ, ತಿಂಗಳಿಗೆ 100 ರೂಪಾಯಿಯಿಂದಲೂ ಆರಂಭಿಸಬಹುದು. ಬ್ಯಾಂಕಿನ ಠೇವಣಿಗೆ 2020ರಿಂದ ಐದು ಲಕ್ಷದವರೆಗೆ ವಿಮಾ ರಕ್ಷಣೆಯಿದೆ; ಹೆಚ್ಚು ಬಡ್ಡಿಯ ಆಸೆ ತೋರಿಸುವ ಖಾಸಗಿ ಚೀಟಿಯವನಿಗೆ ಅದು ಇಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘವನ್ನೂ, ಮಂಗಳೂರಿನಲ್ಲಿ 1912ರಲ್ಲಿ ಕಥೋಲಿಕ ಸಹಕಾರಿ ಬ್ಯಾಂಕನ್ನೂ ಕಟ್ಟಿದ ಹಿರಿಯರು ನೆಚ್ಚಿದ್ದು ಇಂತಹ ಸಣ್ಣ ಮೊತ್ತಗಳನ್ನೇ.

ಸೆಪ್ಟೆಂಬರಿನಲ್ಲಿ ಅತ್ತೆಗೆ ಜ್ವರ ಬಂದು ಉಳಿತಾಯದ ಸಾಲು ಖಾಲಿಯಾಯಿತು. ಅಲ್ಲಿ ಸೊನ್ನೆ ಬರೆದು ಅಕ್ಟೋಬರಿನಲ್ಲಿ ಮುಂದುವರಿದರು. ಸರ ಏಪ್ರಿಲಿನಲ್ಲಿ ಮನೆಗೆ ಬಂತು, ಈ ಜೂನ್ ತಿಂಗಳ ಶುಲ್ಕ ಆ 4,000ದ ಖಾತೆಯಿಂದಲೇ ಸಂದಿತು. ಸರದ ಕೊಂಡಿ ಸವೆದಿದೆಯಂತೆ. ಅದರ ರಿಪೇರಿಯ ಖರ್ಚನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು ಮೊನ್ನೆ ಪೂಜೆಯ ನಂತರ ಕೇಳಿಕೊಂಡು ಬಂದಿದ್ದರು.