ಒಂದೇ ವಾವ್, ಎರಡು ಸ್ವರ

ಒಮಾನಿನ ಬಂದರು ಪಟ್ಟಣ ಸೂರ್. ಅರಬಿಯಲ್ಲಿ ಬರೆದರೆ ಮೂರೇ ಅಕ್ಷರ: ಸ್ವಾದ್, ವಾವ್, ರಾ. ಊರೊಳಕ್ಕೆ ಚಾಚಿಕೊಂಡಿರುವ ಕಡಲ ಹಿನ್ನೀರಿನ ಹೆಸರು ಖೋರ್ ಅಲ್ ಬತಹ್. ಮರದ ಹಡಗು ಕಟ್ಟುವ ಅಂಗಳ ಇರುವುದು ಅದರ ದಂಡೆಯಲ್ಲೇ. 'ಖೋರ್' ಬರೆಯುವುದೂ ಹಾಗೆಯೇ: ಖಾ, ವಾವ್, ರಾ. ಮೊದಲಕ್ಷರ ಬಿಟ್ಟರೆ ಎರಡೂ ಒಂದೇ. ಆದರೂ ಯಾರೂ ಅದನ್ನು 'ಖೂರ್' ಎನ್ನುವುದಿಲ್ಲ.

ಕಾರಣ, ಸೂರ್‌ನಲ್ಲಿ ವಾವ್ ಬರೀ ದೀರ್ಘ ಊಕಾರ. ಗ್ರಾಂಥಿಕ ಅರಬಿಯ 'ಖೌರ್'ನಲ್ಲಾದರೋ ನಾಲಿಗೆ ಅಕಾರದಲ್ಲಿ ಹೊರಟು ಉಕಾರದತ್ತ ಜಾರುತ್ತದೆ. ಹೀಗೆ ಒಂದೇ ಉಚ್ಚಾರದೊಳಗೆ ಗುಣ ಬದಲಿಸುವ ಸ್ವರವೇ ಡಿಫ್‌ಥಾಂಗ್. ನಮ್ಮ ವ್ಯಾಕರಣದ ಮಾತಿನಲ್ಲಿ ಸಂಧ್ಯಕ್ಷರ. ಈ ಜಾರುವಿಕೆಯನ್ನು ಯಂತ್ರದಲ್ಲೂ ನೋಡಬಹುದು. 1952ರಲ್ಲಿ ಪೀಟರ್ಸನ್ ಮತ್ತು ಬಾರ್ನಿ ಅಮೆರಿಕದ ಗಂಡಸರ ಇಂಗ್ಲಿಷ್ ಸ್ವರಗಳನ್ನು ಅಳೆದಾಗ, ಬಾಯಿಯ ಮೊದಲ ಅನುರಣನ ಆಕಾರಕ್ಕೆ ಸುಮಾರು 730 ಹರ್ಟ್ಸ್, ಊಕಾರಕ್ಕೆ ಸುಮಾರು 300 ಹರ್ಟ್ಸ್ ಬಂತು. ಸಾದಾ ಸ್ವರದ ಧ್ವನಿಚಿತ್ರದಲ್ಲಿ ಈ ಅನುರಣನದ ಪಟ್ಟಿ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. 'ಔ' ಎಂದರೆ ಕೆಳಕ್ಕೆ ಇಳಿಯುತ್ತದೆ.

ಎರಡು ಕೊನೆ ಮುಟ್ಟುವ ಶ್ರಮ ತಪ್ಪಿಸಿ ನಾಲಿಗೆ ನಡುವೆಯೇ ನಿಂತರೆ? ಓ ಹುಟ್ಟುತ್ತದೆ. ಕೊಲ್ಲಿ ನಾಡುಗಳ ಆಡುಮಾತಿನಲ್ಲಿ 'ಖೌರ್' 'ಖೋರ್' ಆದದ್ದು ಹೀಗೆ. ಮನೆಗೆ ಹೇಳುವ 'ಬೈತ್' ಕೂಡ 'ಬೇತ್' ಆಗುತ್ತದೆ. ನಮಗೆ ಇದು ಹೊಸತೇನಲ್ಲ, ಶಾಲೆಯಲ್ಲಿ ಗುಣಸಂಧಿ ಎಂದು ಬಾಯಿಪಾಠ ಮಾಡಿದ್ದೇವೆ: ಸೂರ್ಯ, ಉದಯ ಸೇರಿ ಸೂರ್ಯೋದಯ, ದೇವ, ಇಂದ್ರ ಸೇರಿ ದೇವೇಂದ್ರ. ಸಂಸ್ಕೃತದ ವೈಯಾಕರಣರು ಐ, ಔಗಳ ಜೊತೆ ಏ, ಓಗಳನ್ನೂ ಸಂಧ್ಯಕ್ಷರಗಳೆಂದೇ ಎಣಿಸಿದ್ದು ಸುಮ್ಮನೆ ಅಲ್ಲ.

ಕನ್ನಡದ ಲೆಕ್ಕ ಬೇರೆ. ನಮ್ಮ ಏ, ಓಗಳಿಗೆ ಎ, ಒ ಎಂಬ ಹ್ರಸ್ವ ಜೋಡಿಗಳಿವೆ. ಅವು ಅಪ್ಪಟ ಸಾದಾ ಸ್ವರಗಳು. ಇನ್ನು ಐ, ಔ? ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಇವನ್ನು ಬಿಟ್ಟು 'ಕಯ್' ಎಂದೇ ಬರೆದರು. ಆ ಬರಹ ಕಣ್ಣಿಗೆ ಇನ್ನೂ ಒಗ್ಗಿಲ್ಲ, ನಿಜ. ಆದರೆ ಅಚ್ಚಗನ್ನಡ ಪದಗಳ ಮಟ್ಟಿಗೆ ಅವರ ಕಡೆಗೇ ನನ್ನ ಒಲವು. ಕಲ್ ಕಲ್ಲಾಗುವಂತೆ, ಕಣ್ ಕಣ್ಣಾಗುವಂತೆ, ಆಡುಮಾತಿನಲ್ಲಿ ಕಯ್ 'ಕಯ್ಯಿ' ಆಗುತ್ತದೆ. ಇಮ್ಮಡಿಯಾಗುವುದು ವ್ಯಂಜನ, ಸ್ವರದ ಬಾಲವಲ್ಲ.