ಸ್ವಲೀನರ ಸ್ವಕಥನಗಳಲ್ಲಿ ಶಿಕ್ಷಣ

ಐರೋಲಿಯಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರ ಮಗುವಿಗೆ ಆಟಿಸಂ ಇದೆಯೆಂದು ವೈದ್ಯರು ತಿಳಿಸಿದಾಗ, ಆ ಮನೆಯನ್ನು ಒಮ್ಮೆಗೇ ಮೂರು ಹೆಸರುಗಳು ಪ್ರವೇಶಿಸುತ್ತವೆ. ಆಸ್ಪತ್ರೆಯ ಕಾಗದದಲ್ಲಿ ‘ಆಟಿಸಂ’, ಸುತ್ತಲಿನ ಮರಾಠಿಯಲ್ಲಿ ‘ಸ್ವಮಗ್ನತಾ’, ಕನ್ನಡದಲ್ಲಿ ‘ಸ್ವಲೀನತೆ’. ‘ತಾನು’ ಎಂಬರ್ಥದ ಗ್ರೀಕ್ ‘ಆಟೋಸ್’ನಿಂದ ಸ್ವಿಸ್ ಮನೋವೈದ್ಯ ಬ್ಲಾಯ್ಲರ್ ರೂಪಿಸಿದ ಈ ಶಬ್ದವನ್ನು 1943ರಲ್ಲಿ ಲಿಯೋ ಕ್ಯಾನರ್ ಮಕ್ಕಳಿಗೆ ಅನ್ವಯಿಸಿದನು. ಮಗು ತನ್ನಲ್ಲಿಯೇ ಲೀನವಾಗಿದೆ ಎಂಬುದು ನೋಡುವವರ ತೀರ್ಮಾನ. ಆ ಸ್ಥಿತಿಯಲ್ಲಿದ್ದೇ ಪಾಠ ಕಲಿತವರು ತಮ್ಮ ಕಲಿಕೆಯನ್ನು ಕುರಿತು ಬರೆದಾಗ ಈ ಹೆಸರು ಅಷ್ಟಾಗಿ ಒಪ್ಪುವುದಿಲ್ಲ.

ಇದಕ್ಕೆ ಕರ್ನಾಟಕದಲ್ಲಿಯೇ ಒಂದು ಸಾಕ್ಷ್ಯವಿದೆ. ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯವನ್ನು ಕಳೆದ ತೀತೊ ರಾಜರ್ಷಿ ಮುಖೋಪಾಧ್ಯಾಯ ಅವರಿಗೆ ಮಾತು ಬಾರದು. ಎಂಟರಿಂದ ಹನ್ನೊಂದನೆಯ ವಯಸ್ಸಿನೊಳಗೆ ಅವರು ಇಂಗ್ಲಿಷಿನಲ್ಲಿ ಬರೆದ ಬರಹಗಳು ‘ಬಿಯಾಂಡ್ ದ ಸೈಲೆನ್ಸ್’ ಎಂಬ ಹೆಸರಿನಲ್ಲಿ 2000ದಲ್ಲಿ ಪುಸ್ತಕವಾದವು. ಅವರ ಗುರು ತಾಯಿ ಸೋಮಾ. ಮಗನಿಗೆ ಕ್ಯಾಲೆಂಡರಿನ ಅಂಕಿಗಳಲ್ಲಿದ್ದ ಆಸಕ್ತಿಯನ್ನು ಕಂಡು, ಅಂಕಿಗಳನ್ನೂ ಅಕ್ಷರಗಳನ್ನೂ ಬೆರಳಿಟ್ಟು ತೋರಿಸಲು ಕಲಿಸಿದರು; ಬರೆಯುವುದಕ್ಕಾಗಿ ಪೆನ್ಸಿಲನ್ನು ಕೈಗೆ ಕಟ್ಟಿದರು. ಸಾಹಿತ್ಯದ ವಿದ್ಯಾರ್ಥಿಗೆ ಮುಖ್ಯವಾದುದು ಕೃತಿಯ ನಿರೂಪಣೆ. ಆರಂಭದ ಭಾಗದಲ್ಲಿ ಬಾಲಕ ತನ್ನನ್ನು ‘ನಾನು’ ಎನ್ನದೆ ‘ಆ ಹುಡುಗ’ ಎಂದು ಕರೆದುಕೊಳ್ಳುತ್ತಾನೆ. ಪರೀಕ್ಷಿಸುವವರು ಈ ಹುಡುಗನಿಗೆ ಏನೂ ತಿಳಿಯುತ್ತಿಲ್ಲವೆಂದು ಅವನ ಎದುರಿನಲ್ಲಿಯೇ ನಿರ್ಣಯಿಸುತ್ತಾರೆ. ಹುಡುಗನಿಗೆ ಎಲ್ಲವೂ ತಿಳಿಯುತ್ತಿದೆ, ತಿಳಿದದ್ದನ್ನು ತೋರಿಸಲು ದೇಹ ಮಾತ್ರ ಒಪ್ಪುತ್ತಿಲ್ಲ. ಮುಂದೆ ಅವರು ಇದನ್ನು ವಿಚಾರಿಸುವ ತಾನು, ವರ್ತಿಸುವ ತಾನು ಎಂಬ ಎರಡಾಗಿ ವಿವರಿಸಿದರು. ನೋಡುವುದು ಮತ್ತು ಕೇಳುವುದು ಅವರಿಗೆ ಏಕಕಾಲದಲ್ಲಿ ಕಷ್ಟ. ಆದುದರಿಂದ ‘ಇತ್ತ ನೋಡು’ ಎಂಬ ಉಪಾಧ್ಯಾಯರ ಆಜ್ಞೆಯನ್ನು ಪಾಲಿಸಿದರೆ ಪಾಠವೇ ಕೇಳಿಸದೆ ಹೋಗಬಹುದು.

ಇಲ್ಲಿ ಕರ್ತೃತ್ವದ ಪ್ರಶ್ನೆಯನ್ನು ಮರೆಮಾಚುವಂತಿಲ್ಲ. ಸೋಮಾ ಅವರ ವಿಧಾನದಲ್ಲಿ ಸಹಾಯಕರ ಸೂಚನೆಯಿಂದ ಬಂದ ಮಾತುಗಳನ್ನು ವ್ಯಕ್ತಿಯ ಸ್ವಂತದ್ದೆಂದು ಭಾವಿಸಬಾರದೆಂದು ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಎಚ್ಚರಿಸಿದೆ. ತೀತೊ ಸ್ವತಃ ಕೈಬರಹದಲ್ಲಿ ಬರೆಯಬಲ್ಲವರು. ಅವರ ಪುಸ್ತಕಕ್ಕೆ ಈ ಕ್ಷೇತ್ರದ ಹಿರಿಯ ತಜ್ಞೆ ಲೋರ್ನಾ ವಿಂಗ್ ಮುನ್ನುಡಿ ಬರೆದರು. ಪ್ರಕ್ಷೇಪ, ಪಾಠಾಂತರಗಳ ವಿವೇಚನೆಯಲ್ಲಿ ಪಳಗಿದ ಕನ್ನಡ ವಿದ್ವತ್ತಿಗೆ ಇಂತಹ ಸಂದೇಹ ಹೊಸದಲ್ಲ. ಒಬ್ಬರ ಕೃತಿಯನ್ನು ಒಪ್ಪಿದಾಗ ಎಲ್ಲರ ಬರಹವನ್ನೂ ಒಪ್ಪಿದಂತಾಗುವುದಿಲ್ಲ.

ಮಾತು ಬಲ್ಲ ಟೆಂಪಲ್ ಗ್ರ್ಯಾಂಡಿನ್ ಅವರ ಅನುಭವ ಬೇರೆ ಬಗೆಯದು. ಅಮೆರಿಕದ ಈ ಪಶುವಿಜ್ಞಾನಿಯ ಮೊದಲ ಆತ್ಮಕಥನ 1986ರಲ್ಲಿ ಪ್ರಕಟವಾಯಿತು. ತಾವು ಚಿತ್ರಗಳ ಮೂಲಕ ಯೋಚಿಸುವುದರಿಂದ ನಾಮಪದಗಳು ಸುಲಭವಾದವೆಂದೂ, ‘ಮೇಲೆ’, ‘ಕೆಳಗೆ’ ಮೊದಲಾದ ಸಂಬಂಧವಾಚಕಗಳು ಚಿತ್ರ ಮೂಡುವವರೆಗೆ ಅರ್ಥವಾಗಲಿಲ್ಲವೆಂದೂ ಅವರು 1995ರ ಕೃತಿಯಲ್ಲಿ ವಿವರಿಸಿದ್ದಾರೆ. ದನಗಳನ್ನು ಹಿಡಿದು ನಿಲ್ಲಿಸುವ ಚೌಕಟ್ಟನ್ನು ಕಂಡು ತಮಗಾಗಿಯೇ ಒಂದು ಒತ್ತುಯಂತ್ರವನ್ನು ಕಟ್ಟಿಕೊಂಡಾಗ ಅನೇಕರು ಅದನ್ನು ಬಿಡಿಸಲು ಯತ್ನಿಸಿದರು; ವಿಜ್ಞಾನದ ಅಧ್ಯಾಪಕರೊಬ್ಬರು ಮಾತ್ರ ಅದು ಏಕೆ ಶಾಂತಿ ನೀಡುತ್ತದೆಂಬುದನ್ನು ಅಭ್ಯಸಿಸುವಂತೆ ಹುರಿದುಂಬಿಸಿದರು. ಗ್ರಂಥಾಲಯದ ದಾರಿ ತೆರೆದದ್ದು ಆ ಗೀಳಿನಿಂದಲೇ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಹತ್ತಿರದ ವಾಶಿಯಲ್ಲಿ ನವಿಮುಂಬಯಿ ಮಹಾನಗರಪಾಲಿಕೆ ವಿಶೇಷ ಮಕ್ಕಳ ಶಿಕ್ಷಣಕೇಂದ್ರವನ್ನು ನಡೆಸುತ್ತಿದೆ. ಇವು ಸಣ್ಣ ಸಂಗತಿಗಳಲ್ಲ. ಆದರೆ ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಗುವಿನ ತಂದೆತಾಯಿಗಳಿಗೆ ‘ಒಂದೇ ಭಾಷೆ ಸಾಕು, ಮನೆಮಾತನ್ನು ಬಿಡಿ’ ಎಂಬ ಸಲಹೆ ಬರುವುದುಂಟು. ಎರಡು ಭಾಷೆಗಳ ಪರಿಸರದಿಂದ ಇಂತಹ ಮಕ್ಕಳ ಭಾಷಾಬೆಳವಣಿಗೆ ಕುಂಠಿತವಾಗುತ್ತದೆಂಬುದಕ್ಕೆ ಈಚಿನ ಸಂಶೋಧನೆಗಳಲ್ಲಿ ಆಧಾರ ದೊರೆತಿಲ್ಲ. ಸಲಹೆಯನ್ನು ಪಾಲಿಸಿದರೆ ಕನ್ನಡವೊಂದನ್ನೇ ಬಲ್ಲ ಅಜ್ಜಿ ಮೊಮ್ಮಗನೊಡನೆ ಮಾತು ನಿಲ್ಲಿಸಬೇಕಾಗುತ್ತದೆ. ಈ ನಿರ್ಧಾರ ನಡೆಯುವ ಕೋಣೆಯಲ್ಲಿಯೇ ಮಗುವೂ ಇರುತ್ತದೆ. ಅದು ತಿರುಗುವ ಫ್ಯಾನನ್ನು ನೋಡುತ್ತಿರಬಹುದು, ಹಾಗೆ ನೋಡುತ್ತಲೇ ಅಜ್ಜಿಯ ಮಾತನ್ನು ಕೇಳಿಸಿಕೊಳ್ಳುತ್ತಲೂ ಇರಬಹುದು.