ಮೂರು ಸಾಲಿನ ಆದೇಶ, ಒಂದು ನಿಘಂಟು

ಹೊಸದುರ್ಗ ತಾಲ್ಲೂಕಿನ ಮತ್ತೋಡು ಇವತ್ತು ಒಂದು ಹೋಬಳಿಯ ಹೆಸರು. ಇನ್ನೂರು ವರ್ಷದ ಹಿಂದೆ ಆ ಹೆಸರಿನ ಜೊತೆ ಓಡಾಡುತ್ತಿದ್ದುದು ಬಳೆಯ ಗಾಜು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯನ್ನು ಸುತ್ತಿ ಕಂಡದ್ದನ್ನೆಲ್ಲ ಬರೆದಿಟ್ಟ. 1807ರಲ್ಲಿ ಅಚ್ಚಾದ ಆ ಪ್ರವಾಸ ಕಥನದಲ್ಲಿ ಮತ್ತೋಡಿನ ಗಾಜಿನ ಕೆಲಸವೂ ಇದೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಗಾಜಿನ ಬಣ್ಣಗಳನ್ನು ಆತ ಗುರುತು ಹಾಕಿಕೊಂಡಿದ್ದಾನೆ.

ಕುಲುಮೆ, ಮೂಸೆ, ಚೌಳುಮಣ್ಣು, ಮಲಾರ. ಬಳೆಯ ಸುತ್ತ ಇಂಥ ಮಾತುಗಳ ಒಂದು ಸಂಸಾರವೇ ಇದೆ. ಇವನ್ನು ಊರಿನ ಹಿರಿಯರಿಂದ ಕೇಳಿ ಬರೆದುಕೊಂಡು, ಯಾರು ಬೇಕಾದರೂ ಹುಡುಕಿ ನೋಡುವಂಥ ಒಂದು ಪುಟ್ಟ ಜಾಲನಿಘಂಟು ಮಾಡಬೇಕೆಂದು ಯಾರಿಗಾದರೂ ಹುಕಿ ಬಂತು ಎನ್ನಿ. ಹಿಂದೆ ಇದಕ್ಕೆ ಒಬ್ಬ ಪ್ರೋಗ್ರಾಮರ್ ಬೇಕಿತ್ತು, ಅವನ ಕೆಲವು ತಿಂಗಳು ಬೇಕಿತ್ತು. ಈಗ ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಎರಡು ಮೂರು ಸಾಲು ಬೆರಳಚ್ಚು ಮಾಡಿದರೆ ನಿಘಂಟಿನ ಚೌಕಟ್ಟು ಎದ್ದು ನಿಲ್ಲುತ್ತದೆ. ಅದು ಸಾಧ್ಯವಾದದ್ದರ ಹಿಂದೆ ಕನ್ನಡದ್ದೇ ಒಂದು ಕಥೆಯಿದೆ.

ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕನ್ನಡ–ಇಂಗ್ಲಿಷ್ ನಿಘಂಟೊಂದನ್ನು ಕಟ್ಟಿದವರು. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದ, ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಅರ್ಥ. ಬೆಂಗಳೂರಿನ ಜೆರೋಧಾ ಕಂಪನಿಯ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ ಅದಕ್ಕೆ ಜಾಲರೂಪ ಕೊಟ್ಟರು. 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಕೈಲಾಶ್ ಅದಕ್ಕೂ ಮುಂಚೆ, 2010ರಲ್ಲಿ, ಮಲಯಾಳದ ‘ಓಳಂ’ ನಿಘಂಟನ್ನು ಜಾಲಕ್ಕೆ ತಂದಿದ್ದವರು. ಎರಡು ಭಾಷೆಗೆ ಎರಡು ಸಲ ಅದೇ ಕೆಲಸ ಯಾಕೆ? ನಿಘಂಟು ನಡೆಸುವ ಯಂತ್ರವನ್ನು ಪದಗಳಿಂದ ಬೇರ್ಪಡಿಸಿ, ಯಾವ ಭಾಷೆಗೂ ಒಗ್ಗುವ ಮುಕ್ತ ತಂತ್ರಾಂಶವಾಗಿ ಹೊರಬಿಟ್ಟರು. ಅದೇ ಡಿಕ್ಟ್‌ಪ್ರೆಸ್.

ಇದನ್ನು ಶುರುಮಾಡುವ ಬಗೆ ನೋಡಲು ತೀರಾ ಸಪ್ಪೆ. ಮೊದಲು ‘ನ್ಯೂ-ಕಾನ್ಫಿಗ್’ ಎಂಬ ಆದೇಶ; ಅದು ಸೆಟ್ಟಿಂಗ್‌ಗಳ ಒಂದು ಮಾದರಿ ಕಡತ ಬರೆದುಕೊಡುತ್ತದೆ. ಡೇಟಾಬೇಸಿನ ವಿಳಾಸ, ಗುಪ್ತಪದ, ಭಾಷೆಗಳ ಹೆಸರು ಎಲ್ಲ ಅದರಲ್ಲಿ ತುಂಬಬೇಕು. ಆಮೇಲೆ ‘ಇನ್‌ಸ್ಟಾಲ್’, ಡೇಟಾಬೇಸಿನಲ್ಲಿ ಖಾಲಿ ಕೋಷ್ಟಕಗಳು ಮೂಡುತ್ತವೆ. ಮೂರನೆಯದು ‘ಇಂಪೋರ್ಟ್’, ಸಿಎಸ್‌ವಿ ಕಡತದಲ್ಲಿರುವ ಪದಗಳನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಪಾಯಕ್ಕೆ ಸುಣ್ಣದ ಗೆರೆ ಎಳೆದ ಹಾಗೆ: ಮನೆ ಇನ್ನೂ ಇಲ್ಲ, ಆದರೆ ಅಡುಗೆಮನೆ ಎಲ್ಲಿ ಬರಬೇಕೆಂಬುದು ಆಗಲೇ ತೀರ್ಮಾನವಾಗಿದೆ.

ಆ ತೀರ್ಮಾನ ಯಾರದು ಎಂಬುದನ್ನು ಗಮನಿಸಬೇಕು. ಮಾದರಿ ಕಡತದ ಉದಾಹರಣೆಗಳು ಇಂಗ್ಲಿಷ್ ಮತ್ತು ಇಟಾಲಿಯನ್. ಮತ್ತೋಡಿನವರು ಅಲ್ಲಿ ಕನ್ನಡ ಎಂದು ತಿದ್ದಿಕೊಂಡರಷ್ಟೇ ಸಾಲದು; ಹುಡುಕಾಟ ಯಾವ ಲೆಕ್ಕದಲ್ಲಿ ನಡೆಯಬೇಕೆಂದೂ ಹೇಳಬೇಕು. ಬರೆದುಕೊಟ್ಟವರು ‘ಮಳಾರ’ ಎಂದಿದ್ದು, ಹುಡುಕುವವರು ‘ಮಲಾರ’ ಎಂದು ಕೇಳಿದರೆ? ಇದಕ್ಕಾಗಿ ಕೈಲಾಶ್ ನಾಧ್ ಕೆಎನ್‌ಫೋನ್ ಎಂಬ ಸೂತ್ರವೊಂದನ್ನು ರೂಪಿಸಿದ್ದಾರೆ. ಅದು ಕನ್ನಡ ಪದದ ಉಚ್ಚಾರವನ್ನು ಹಿಡಿದು, ಬಿಗಿಯಿಂದ ಸಡಿಲದವರೆಗೆ ಮೂರು ಸಂಕೇತಗಳನ್ನು ಕೊಡುತ್ತದೆ. ಸಡಿಲ ಸಂಕೇತದಲ್ಲಿ ಲ–ಳ, ನ–ಣ ಅದಲುಬದಲಾದರೂ ಪದ ಕೈಗೆ ಸಿಗುತ್ತದೆ. ಸೆಟ್ಟಿಂಗ್ ಕಡತದಲ್ಲಿ ಇದನ್ನು ಸೂಚಿಸದೆ ಮುಂದೆ ಹೋದರೆ ನಿಘಂಟು ಓಡುವುದೇನೋ ಓಡುತ್ತದೆ, ಊರಿನವರು ಕೇಳಿದ್ದು ಮಾತ್ರ ಸಿಗುವುದಿಲ್ಲ.

ಕನ್ನಡದ ತಕರಾರು ಅಷ್ಟಕ್ಕೇ ಮುಗಿಯುವುದಿಲ್ಲ. ಯೋಜನೆಯ ಫೋಲ್ಡರಿಗೆ ಊರಿನದೇ ಹೆಸರಿಡೋಣ ಎಂದು ‘ಮತ್ತೋಡು’ ಎಂದು ಹೊಡೆದರೆ ಏನಾಗುತ್ತದೆ? ಓದುವವರ ಕಣ್ಣಿಗೆ ಇದು ಮೂರೇ ಅಕ್ಷರ: ಮ, ತ್ತೋ, ಡು. ಯೂನಿಕೋಡ್ ಲೆಕ್ಕದಲ್ಲಿ ಏಳು ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. ಲಿನಕ್ಸ್ ತಕರಾರಿಲ್ಲದೆ ಫೋಲ್ಡರ್ ಮಾಡಿಕೊಡುತ್ತದೆ. ಆದರೆ ಒಂದೊಂದು ಅಕ್ಷರವನ್ನೂ ಒಂದೇ ಅಳತೆಯ ಮನೆಯಲ್ಲಿ ಕೂರಿಸುವ ಟರ್ಮಿನಲ್ಲಿಗೆ ಒತ್ತಕ್ಷರ ಎಂದರೆ ಇಕ್ಕಟ್ಟು. ಬಹಳ ಕಡೆ ತ್ತೋ ಒಡೆದುಕೊಂಡು, ಸ್ವರಚಿಹ್ನೆ ಪಕ್ಕಕ್ಕೆ ಜಾರಿ ಕಾಣುತ್ತದೆ.

ಬೇರೆ ಬೇರೆ ಸಲಕರಣೆಗಳ ಮರ್ಜಿಯೂ ಬೇರೆ ಬೇರೆ. ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟಲು ನೆರವಾಗುವ ಜಾಂಗೊದ ‘ಸ್ಟಾರ್ಟ್‌ಪ್ರಾಜೆಕ್ಟ್’ ಆದೇಶ, ಪೈಥಾನ್ ಒಪ್ಪುವ ಹೆಸರಾದರೆ ಸಾಕು ಎನ್ನುತ್ತದೆ. ಪೈಥಾನ್ 3 ಕನ್ನಡದ ಹೆಸರನ್ನೂ ಒಪ್ಪುತ್ತದೆ, ಹಾಗಾಗಿ ಮತ್ತೋಡು ಪಾಸು. ‘ಸಾಫ್ಟ್‌ವೇರ್’ ಎಂದು ಹೆಸರಿಟ್ಟರೆ ಮಾತ್ರ ಫೇಲು. ಟ್ ಮತ್ತು ವೇ ಕೂಡಿಕೊಳ್ಳದಂತೆ ನಡುವೆ ಕೂತಿರುವ, ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆಯನ್ನು ಪೈಥಾನ್ ಹೆಸರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ರಸ್ಟ್ ಭಾಷೆಯ ‘ಕಾರ್ಗೊ ನ್ಯೂ’ ಅಂತೂ ಇಂಗ್ಲಿಷ್ ಅಲ್ಲದ ಅಕ್ಷರ ಕಂಡರೆ ಎಚ್ಚರಿಕೆ ಕೊಡುತ್ತದೆ. ಮೂವತ್ತು ವರ್ಷಕ್ಕೂ ಹಿಂದೆ, 1991ರಲ್ಲಿ, ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು ಎಂಬುದನ್ನು ನೆನೆದರೆ ಈ ಮಡಿವಂತಿಕೆ ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ.

ಆದೇಶ ಕ್ಷಣದ್ದು, ಅದರ ಹಿಂದು ಮುಂದಿನ ಕೆಲಸ ವರ್ಷಗಳದ್ದು. ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಸಾಕ್ಷಿಯಿದೆ. ವಿಕಿಮೀಡಿಯಾ ಆಗ ಹೊಸ ವಿಕಿಯೊಂದನ್ನು ಶುರುಮಾಡುತ್ತಿದ್ದುದೂ ‘ಆಡ್‌ವಿಕಿ’ ಎಂಬ ಸ್ಕ್ರಿಪ್ಟ್ ಓಡಿಸಿಯೇ. ತುಳು ವಿಕಿಪೀಡಿಯಕ್ಕೆ ಆ ಗಳಿಗೆ ಬಂದದ್ದು 2016ರಲ್ಲಿ. ಅಲ್ಲಿಯವರೆಗೆ ತುಳುವರು ಎಷ್ಟೋ ವರ್ಷ ಇನ್‌ಕ್ಯುಬೇಟರ್ ಎಂಬ ಪರೀಕ್ಷಾಂಗಳದಲ್ಲಿ ಒಂದೊಂದೇ ಲೇಖನ ಸೇರಿಸುತ್ತ ಬಂದಿದ್ದರು.

ಶುರುವಿನ ಸ್ಕ್ರಿಪ್ಟಿಗೆ ಒಂದು ಅಪಾಯದ ಮುಖವೂ ಉಂಟು. ಅದನ್ನು ಎರಡನೇ ಸಲ ಓಡಿಸಿದರೆ? ಕೈಲಾಶ್ ಅವರದೇ ಇನ್ನೊಂದು ತಂತ್ರಾಂಶ, ಸಾಮೂಹಿಕ ಮಿಂಚಂಚೆ ಕಳಿಸುವ ಲಿಸ್ಟ್‌ಮಾಂಕ್, ‘ಇನ್‌ಸ್ಟಾಲ್’ ಮಾಡುವ ಮುಂಚೆ ಎಚ್ಚರಿಸುತ್ತದೆ: ಹಳೆಯ ಕೋಷ್ಟಕಗಳು ಅಳಿಸಿಹೋಗುತ್ತವೆ, ಮುಂದುವರಿಯಲೇ? ಅವಸರದವರು ಈ ಪ್ರಶ್ನೆಯನ್ನೇ ಹಾರಿಸಿಬಿಡಲು ‘ಯೆಸ್’ ಎಂಬ ಬಾಲಂಗೋಚಿಯಿದೆ. ಆಗಲೇ ಸ್ಥಾಪನೆಯಾಗಿದ್ದರೆ ಏನನ್ನೂ ಮುಟ್ಟದೆ ಸುಮ್ಮನಿರು ಎನ್ನುವ ಇನ್ನೊಂದು ಬಾಲಂಗೋಚಿಯೂ ಇದೆ. ಸ್ವಂತ ಸ್ಕ್ರಿಪ್ಟ್ ಬರೆಯುವವರು ನಕಲು ಮಾಡಬೇಕಾದದ್ದು ಈ ಎರಡನೆಯದನ್ನು.

ಚೌಕಟ್ಟುಗಳಿಗೆ ಆಯುಸ್ಸೂ ಕಡಿಮೆ. ಫೇಸ್‌ಬುಕ್ 2016ರಲ್ಲಿ ಹೊರಬಿಟ್ಟ ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಒಂದು ಕಾಲಕ್ಕೆ ಜಾಲತಾಣ ಕಟ್ಟುವ ಹುಡುಗರ ಮೊದಲ ಪಾಠವಾಗಿತ್ತು. ಹೊಸ ಯೋಜನೆಗೆ ಅದನ್ನು ಬಳಸಬೇಡಿ ಎಂದು 2025ರ ಫೆಬ್ರವರಿಯಲ್ಲಿ ಅದರವರೇ ಹೇಳಿದರು. ಡಿಕ್ಟ್‌ಪ್ರೆಸ್‌ಗೂ ಒಂದು ದಿನ ಈ ಗತಿ ಬರಬಹುದು. ಹಾಗಾಗಿ ಪದ ಕೂಡಿಹಾಕುವವರು ಜೋಪಾನ ಮಾಡಬೇಕಾದದ್ದು ಸಿಎಸ್‌ವಿ ಕಡತವನ್ನು. ಅದು ಬರೀ ಅಕ್ಷರಗಳ ಸಾಲು, ಯಾವ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತದೆ. ಸಾಲಿನ ಮೊದಲಿಗೆ ಅಡ್ಡಗೆರೆಯಿದ್ದರೆ ಅದು ಮುಖ್ಯಪದ, ಮೇಲ್ಮುಖದ ಗುರುತಿದ್ದರೆ ಅದರ ಕೆಳಗಿನ ಅರ್ಥ. ಒಂದು ಸಾಲಿನಲ್ಲಿ ಮಲಾರ, ಮುಂದಿನ ಸಾಲಿನಲ್ಲಿ ‘ದಾರದಲ್ಲಿ ಪೋಣಿಸಿದ ಬಳೆಗಳ ಗೊಂಚಲು’. ಒಬ್ಬ ಹೈಸ್ಕೂಲು ವಿದ್ಯಾರ್ಥಿ ಎಕ್ಸೆಲ್ಲಿನಲ್ಲೇ ತುಂಬಬಹುದಾದ ಪಟ್ಟಿ ಅದು.

ಆ ಪಟ್ಟಿ ಯಾರ ಸೊತ್ತು ಎಂಬುದನ್ನು ಮಾತ್ರ ಡಿಕ್ಟ್‌ಪ್ರೆಸ್ಸಿನ ಮೂರು ಆದೇಶಗಳಲ್ಲಿ ಯಾವುದೂ ಕೇಳುವುದಿಲ್ಲ. ಜಾವಾಸ್ಕ್ರಿಪ್ಟ್ ಲೋಕದ ‘ಎನ್‌ಪಿಎಂ ಇನಿಟ್’ ಪರವಾನಗಿ ಯಾವುದು ಎಂದು ಕೇಳುತ್ತದೆ, ಸುಮ್ಮನೆ ಎಂಟರ್ ಒತ್ತಿದರೆ ಐಎಸ್‌ಸಿ ಎಂದು ತಾನೇ ಬರೆದುಕೊಳ್ಳುತ್ತದೆ. ಅಲರ್ ಪದಕೋಶ ಹೊರಬಂದದ್ದು ಓಪನ್ ಡೇಟಾಬೇಸ್ ಪರವಾನಗಿಯಡಿ: ಯಾರೂ ಬಳಸಬಹುದು, ಬೆಳೆಸಬಹುದು, ಆದರೆ ಬೆಳೆಸಿ ಹೊರಬಿಟ್ಟ ಕೋಶವೂ ಅದೇ ಷರತ್ತಿನಲ್ಲಿ ಮುಕ್ತವಾಗಿರಬೇಕು, ಮೂಲವನ್ನು ಹೇಳಬೇಕು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಕಸುಬಿನ ಮಾತುಗಳನ್ನು ಕೂಡಿಸಹೊರಟವರು ಮೊದಲ ‘ಇಂಪೋರ್ಟ್’ಗೆ ಮುಂಚೆಯೇ ಈ ಬಗ್ಗೆ ಒಂದು ನಿರ್ಧಾರಕ್ಕೆ ಬರುವುದು ಒಳ್ಳೆಯದು. ಡಿಕ್ಟ್‌ಪ್ರೆಸ್ಸಿನ ಸಿಎಸ್‌ವಿಯಲ್ಲಿ ಟಿಪ್ಪಣಿಗೆಂದು ಒಂದು ಕಾಲಂ ಇದೆ. ಯಾವ ಊರಿನಲ್ಲಿ, ಯಾವ ಕಸುಬಿನವರ ಬಾಯಲ್ಲಿ ಪದ ಸಿಕ್ಕಿತು ಎಂಬುದನ್ನು ಬರೆದಿಡಲು ಅಲ್ಲಿ ಬೇಕಾದಷ್ಟು ಜಾಗವಿದೆ.